ಅಂಕಿಗಳ ಲೆಕ್ಕ ಬಿಡಿಸುವುದು ಹೇಗೆ? ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ

ಎರಡು ಅಂಕಿಯ ಒಂದು ಸಂಖ್ಯೆ ಇದೆ. ಅದರ ಅಂಕಿಗಳ ಮೊತ್ತ 12. ಆ ಸಂಖ್ಯೆಯಿಂದ 18 ಕಳೆದರೆ ಅಂಕಿಗಳು ಅದಲುಬದಲಾಗುತ್ತವೆ. ಸಂಖ್ಯೆ ಯಾವುದು?

ಈ ಪ್ರಶ್ನೆ ಎಲ್ಲೋ ನೋಡಿದ ಹಾಗಿದೆ ಅಲ್ವಾ? ಎಸ್ಸೆಸ್ಸೆಲ್ಸಿಯಲ್ಲಿ ಎರಡು ಚರಾಕ್ಷರಗಳ ಸಮೀಕರಣದ ಪಾಠದಲ್ಲಿ ಬರುತ್ತದೆ. ಆಮೇಲೆ ಎಸ್‌ಎಸ್‌ಸಿ, ಬ್ಯಾಂಕ್, ರೈಲ್ವೆ, ಕೆಪಿಎಸ್‌ಸಿ, ಯುಪಿಎಸ್‌ಸಿಯ ಸಿಸ್ಯಾಟ್, ಎಂಬಿಎ ಸೇರಲು ಬರೆಯುವ ಕ್ಯಾಟ್, ಹೀಗೆ ಎಲ್ಲಿ ಹೋದರೂ ಬೇರೆ ಬೇರೆ ವೇಷದಲ್ಲಿ ಎದುರಿಗೆ ಬಂದು ನಿಲ್ಲುತ್ತದೆ. ಲೆಕ್ಕ ಕಷ್ಟವಲ್ಲ. ಸಮಯ ಕಷ್ಟ. ಎಸ್‌ಎಸ್‌ಸಿ ಸಿಜಿಎಲ್ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅಂದರೆ ಒಂದಕ್ಕೆ 36 ಸೆಕೆಂಡು. ಸರಿ ಉತ್ತರಕ್ಕೆ 2 ಅಂಕ ಸಿಕ್ಕರೆ ತಪ್ಪಿಗೆ ಅರ್ಧ ಅಂಕ ಹೋಗುತ್ತದೆ. 36 ಸೆಕೆಂಡಿನಲ್ಲಿ ಎರಡು ಸಮೀಕರಣ ಬರೆದು, ಬಿಡಿಸಿ, ತಾಳೆ ನೋಡಿ, ಗುರುತು ಹಾಕಬೇಕು ಅಂದರೆ ಆಗದ ಮಾತು.

ಅದಕ್ಕೇ ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಲೆಕ್ಕಗಳಲ್ಲಿ ಸಮೀಕರಣ ಮಾಡುವುದು ಅರ್ಧ ಕೆಲಸ ಮಾತ್ರ. ಉಳಿದ ಅರ್ಧ ಕೆಲಸ ಮಾಡಿಕೊಡುವುದು ಅಂಕಿ. ಅಂಕಿ ಅಂದರೆ 0ರಿಂದ 9ರೊಳಗೆ ಮಾತ್ರ ಇರುವಂಥದ್ದು. ಅದು ಎರಡೂವರೆ ಆಗುವುದಿಲ್ಲ, 12 ಆಗುವುದಿಲ್ಲ, ಋಣ ಸಂಖ್ಯೆ ಆಗುವುದಿಲ್ಲ. ಇದನ್ನು ಬಳಸಿಕೊಳ್ಳಲು ಬಂದವರಿಗೆ ಅರ್ಧ ಪುಟದ ಲೆಕ್ಕ ಎರಡು ಸಾಲಿಗೆ ಇಳಿಯುತ್ತದೆ.

ಮೊದಲು ಸಂಖ್ಯೆಯನ್ನು ಬಿಡಿಸಿ ಬರೆಯಿರಿ

ನನ್ನ ಚಿಕ್ಕಮ್ಮನ ಮಗಳು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಗ ಮೇಲಿನ ಲೆಕ್ಕ ತಂದು ಮುಂದಿಟ್ಟಳು. ಅವಳ ಪುಸ್ತಕದಲ್ಲಿ ಸಂಖ್ಯೆಯನ್ನು ಎಕ್ಸ್‌ವೈ ಅಂತ ಬರೆದುಕೊಂಡಿದ್ದಳು. ಮುಂದಿನ ಸಾಲಿನಲ್ಲಿ ಅದೇ ಎಕ್ಸ್‌ವೈ ಅವಳಿಗೇ ಗೊತ್ತಿಲ್ಲದೆ ಎಕ್ಸ್ ಗುಣಿಸು ವೈ ಆಗಿಬಿಟ್ಟಿತ್ತು. ಇದು ತುಂಬ ಜನ ಮಾಡುವ ತಪ್ಪು. ಬೀಜಗಣಿತದಲ್ಲಿ ಅಕ್ಷರಗಳನ್ನು ಪಕ್ಕಪಕ್ಕ ಬರೆದರೆ ಗುಣಾಕಾರ, ಸಂಖ್ಯೆಯಲ್ಲಿ ಅಂಕಿಗಳನ್ನು ಪಕ್ಕಪಕ್ಕ ಬರೆದರೆ ಸ್ಥಾನಬೆಲೆ. ಎರಡೂ ಬೇರೆ.

ಹಾಗಾಗಿ ನಾನು ಎಕ್ಸ್, ವೈ ಬಿಟ್ಟು ಹತ್ತರ ಸ್ಥಾನಕ್ಕೆ ಹ, ಬಿಡಿ ಸ್ಥಾನಕ್ಕೆ ಬ, ನೂರರ ಸ್ಥಾನಕ್ಕೆ ನ ಅಂತ ಬರೆಯುತ್ತೇನೆ. ಯಾವ ಅಕ್ಷರ ಎಲ್ಲಿಯದು ಅಂತ ಮರೆಯುವ ಭಯ ಇರುವುದಿಲ್ಲ. ಎರಡು ಅಂಕಿಯ ಸಂಖ್ಯೆ ಅಂದರೆ 10ಹ + ಬ. ಅದಲುಬದಲು ಮಾಡಿದರೆ 10ಬ + ಹ. ಮೂರು ಅಂಕಿಯದು 100ನ + 10ಹ + ಬ. ಇಷ್ಟು ಬರೆಯದೆ ಪೆನ್ನು ಮುಂದಕ್ಕೆ ಹೋಗಬಾರದು.

ಅವತ್ತು ಅವಳಿಗೆ ನಾನು ಸಮೀಕರಣ ತೋರಿಸಲಿಲ್ಲ. ಜಗಲಿ ಮೇಲೆ ಹತ್ತು ರೂಪಾಯಿಯ ಏಳು ನೋಟು, ಒಂದು ರೂಪಾಯಿಯ ಐದು ಬಿಲ್ಲೆ ಜೋಡಿಸಿದೆ. ಎಷ್ಟಾಯಿತು? 75. ಈಗ ಅದಲುಬದಲು ಮಾಡು ಅಂದೆ. ಐದು ನೋಟು, ಏಳು ಬಿಲ್ಲೆ ಆಗಬೇಕು. ಅವಳು ಎರಡು ನೋಟು ತೆಗೆದು ಆ ಜಾಗದಲ್ಲಿ ಎರಡು ಬಿಲ್ಲೆ ಇಟ್ಟಳು. ಒಂದು ನೋಟು ಹೋಗಿ ಬಿಲ್ಲೆ ಬಂದರೆ 9 ರೂಪಾಯಿ ಕಮ್ಮಿ. ಎರಡು ಸಲ ಹಾಗಾದರೆ 18 ಕಮ್ಮಿ. "ಅಣ್ಣಾ, ಅಂದರೆ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಬರುತ್ತಾ?" ಅಂತ ಅವಳೇ ಕೇಳಿದಳು. ಹೌದು, ಯಾವಾಗಲೂ.

ಅದನ್ನೇ ಅಕ್ಷರದಲ್ಲಿ ಬರೆದರೆ (10ಹ + ಬ) − (10ಬ + ಹ) = 9(ಹ − ಬ). ಸಂಖ್ಯೆಗೂ ಅದರ ಅದಲುಬದಲಿಗೂ ಇರುವ ವ್ಯತ್ಯಾಸವನ್ನು 9ರಿಂದ ಭಾಗಿಸಿದರೆ ಅಂಕಿಗಳ ವ್ಯತ್ಯಾಸ ಸಿಗುತ್ತದೆ. ಕೂಡಿದರೆ 11(ಹ + ಬ), ಅಂದರೆ ಮೊತ್ತವನ್ನು 11ರಿಂದ ಭಾಗಿಸಿದರೆ ಅಂಕಿಗಳ ಮೊತ್ತ. ಈ ಎರಡನ್ನೂ ಬಾಯಿಪಾಠ ಮಾಡಿಕೊಂಡುಬಿಡಿ. ಮೇಲಿನ ಪ್ರಶ್ನೆಗೆ 18 ಭಾಗಿಸು 9 ಅಂದರೆ 2. ಮೊತ್ತ 12, ವ್ಯತ್ಯಾಸ 2. ಅಂಕಿಗಳು 7 ಮತ್ತು 5. ಕಳೆದಾಗ ಅದಲುಬದಲಾಗುತ್ತದೆ ಅಂದರೆ ಮೂಲ ಸಂಖ್ಯೆಯೇ ದೊಡ್ಡದು, ಹಾಗಾಗಿ 75. ಕೂಡಿದಾಗ ಅದಲುಬದಲಾಗುತ್ತದೆ ಅಂದಿದ್ದರೆ 57 ಆಗುತ್ತಿತ್ತು. ಆಯ್ಕೆಗಳಲ್ಲಿ 75, 57 ಎರಡೂ ಇರುವ ಸಾಧ್ಯತೆ ಜಾಸ್ತಿ. ಪ್ರಶ್ನೆ ಮಾಡುವವರಿಗೆ ನಾವು ಎಲ್ಲಿ ಎಡವುತ್ತೇವೆ ಅಂತ ಗೊತ್ತಿರುತ್ತದೆ.

ಸೊನ್ನೆಯನ್ನು ಮರೆಯಬೇಡಿ

ಈಗ ಪ್ರಶ್ನೆಯನ್ನು ಸ್ವಲ್ಪ ತಿರುಗಿಸೋಣ. ಎರಡು ಅಂಕಿಯ ಸಂಖ್ಯೆಯಿಂದ ಅದರ ಅದಲುಬದಲು ಸಂಖ್ಯೆಯನ್ನು ಕಳೆದರೆ 36 ಬರುತ್ತದೆ. ಅಂಥ ಸಂಖ್ಯೆಗಳು ಎಷ್ಟಿವೆ?

36 ಭಾಗಿಸು 9 ಅಂದರೆ 4. ಅಂಕಿಗಳ ವ್ಯತ್ಯಾಸ 4. 95, 84, 73, 62, 51. ಐದು ಅಂತ ಗುರುತು ಹಾಕಿ ಮುಂದೆ ಹೋಗುತ್ತೇವೆ. ಆದರೆ 40 ಇದೆಯಲ್ಲ? ಅದಲುಬದಲು ಮಾಡಿದರೆ 04, ಅಂದರೆ 4. 40ರಿಂದ 4 ಕಳೆದರೆ 36. ಆಗ ಉತ್ತರ ಆರು. ಪ್ರಶ್ನೆಯಲ್ಲಿ "ಅದಲುಬದಲು ಮಾಡಿದಾಗಲೂ ಎರಡು ಅಂಕಿಯ ಸಂಖ್ಯೆಯೇ ಸಿಗುತ್ತದೆ" ಅಂತ ಇದ್ದರೆ ಮಾತ್ರ ಐದು. ಇಲ್ಲಿ ಒಂದೊಂದು ಪದವೂ ಲೆಕ್ಕಕ್ಕೆ ಬರುತ್ತದೆ. ಮೊದಲ ಸ್ಥಾನದಲ್ಲಿ ಸೊನ್ನೆ ಬರುವ ಹಾಗಿಲ್ಲ, ಬೇರೆ ಕಡೆ ಬರಬಹುದು. "ಎಷ್ಟಿವೆ" ಅಂತ ಕೇಳಿದಾಗಲೆಲ್ಲ ಕೊನೆಗೆ ಒಂದು ಸಲ ಸೊನ್ನೆ ಹಾಕಿ ನೋಡಿ.

ಒಂದೇ ಸಮೀಕರಣ ಇದ್ದರೂ ಉತ್ತರ ಸಿಗುತ್ತದೆ

ನನಗೆ ಬಹಳ ಇಷ್ಟವಾದ ಭಾಗ ಇದು. ಪ್ರಶ್ನೆ ಹೀಗಿದೆ ಅಂದುಕೊಳ್ಳಿ: ಎರಡು ಅಂಕಿಯ ಒಂದು ಸಂಖ್ಯೆ ತನ್ನ ಅಂಕಿಗಳ ಮೊತ್ತದ 8 ಪಟ್ಟು ಇದೆ. ಆ ಸಂಖ್ಯೆ ಯಾವುದು?

ಎರಡು ಚರಾಕ್ಷರ, ಒಂದೇ ಸಮೀಕರಣ. ಶಾಲೆಯಲ್ಲಿ ಕಲಿತ ಪ್ರಕಾರ ಬಿಡಿಸಲು ಆಗುವುದಿಲ್ಲ, ಮಾಹಿತಿ ಸಾಲದು ಅನ್ನಿಸುತ್ತದೆ. ಬರೆದು ನೋಡಿ. 10ಹ + ಬ = 8ಹ + 8ಬ. ಅಂದರೆ 2ಹ = 7ಬ. ಈಗ ನಿಲ್ಲಿಸಿ. 2ಹ ಅನ್ನುವುದು 7ರ ಮಗ್ಗಿಯಲ್ಲಿ ಬರಬೇಕು, ಹಾಗಾದರೆ ಹ ಕೂಡ 7ರ ಮಗ್ಗಿಯಲ್ಲಿ ಬರಬೇಕು. ಮೊದಲ ಸ್ಥಾನ ಸೊನ್ನೆ ಅಲ್ಲ, 14 ಅಂಕಿಯೇ ಅಲ್ಲ. ಉಳಿದದ್ದು 7 ಒಂದೇ. ಹ = 7, ಬ = 2. ಸಂಖ್ಯೆ 72. ಎರಡನೇ ಸಮೀಕರಣದ ಕೆಲಸವನ್ನು ಅಂಕಿಯ ಮಿತಿಯೇ ಮಾಡಿಕೊಟ್ಟಿತು.

ಇದೇ ರೀತಿ ಎಲ್ಲ ಪಟ್ಟುಗಳಿಗೂ ಒಂದು ಸಲ ನೀವೇ ಮಾಡಿ ನೋಡಿ. 2 ಪಟ್ಟು ಅಂದರೆ 18, 3 ಪಟ್ಟು ಅಂದರೆ 27, 5 ಪಟ್ಟು ಅಂದರೆ 45, 6 ಪಟ್ಟು ಅಂದರೆ 54, 9 ಪಟ್ಟು ಅಂದರೆ 81. ಇವಕ್ಕೆಲ್ಲ ಉತ್ತರ ಒಂದೊಂದೇ. 4 ಪಟ್ಟಿಗೆ ಮಾತ್ರ 12, 24, 36, 48 ಅಂತ ನಾಲ್ಕು, 7 ಪಟ್ಟಿಗೆ 21, 42, 63, 84 ಅಂತ ನಾಲ್ಕು. 10 ಪಟ್ಟಿಗೆ 10, 20, 30 ಹೀಗೆ 90ರವರೆಗೆ. ಹಾಗಾಗಿ ಪ್ರಶ್ನೆಯಲ್ಲಿ 4 ಪಟ್ಟು ಅಥವಾ 7 ಪಟ್ಟು ಅಂತ ಬಂದರೆ ಇನ್ನೊಂದು ಸುಳಿವು ಇದ್ದೇ ಇರುತ್ತದೆ, ಅದನ್ನು ಹುಡುಕಿ. ಉದಾಹರಣೆಗೆ "ಅಂಕಿಗಳ ಮೊತ್ತದ 4 ಪಟ್ಟು, ಅಂಕಿಗಳ ಗುಣಲಬ್ಧದ 2 ಪಟ್ಟು" ಅಂದರೆ ನಾಲ್ಕರಲ್ಲಿ 36 ಮಾತ್ರ ನಿಲ್ಲುತ್ತದೆ. 3 ಗುಣಿಸು 6 ಅಂದರೆ 18, ಅದರ ಎರಡು ಪಟ್ಟು 36.

ಬ್ಯಾಂಕ್ ಪರೀಕ್ಷೆಗಳಲ್ಲಿ "ಕೊಟ್ಟ ಮಾಹಿತಿ ಸಾಕೇ, ಸಾಲದೇ" ಅನ್ನುವ ಪ್ರಶ್ನೆ ಬರುತ್ತದಲ್ಲ, ಅಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಸಮೀಕರಣ ಎಣಿಸಿ ಸಾಲದು ಅಂತ ಹೇಳಿದವರು ಅಲ್ಲೇ ಬೀಳುತ್ತಾರೆ.

ಇನ್ನೊಂದು ಚಂದದ ಲೆಕ್ಕ. ಸಂಖ್ಯೆ = ಅಂಕಿಗಳ ಮೊತ್ತ + ಅಂಕಿಗಳ ಗುಣಲಬ್ಧ. ಬರೆದರೆ 10ಹ + ಬ = ಹ + ಬ + ಹ×ಬ. ಎರಡೂ ಕಡೆ ಬ ಹೋಗುತ್ತದೆ, 9ಹ = ಹ×ಬ, ಬ = 9. ಹ ಏನಾದರೂ ಆಗಬಹುದು. 19, 29, 39 ಹೀಗೆ 99ರವರೆಗೆ ಒಂಬತ್ತು ಸಂಖ್ಯೆಗಳು.

ಮೂರು ಅಂಕಿ ಬಂದಾಗ

ಮೂರು ಅಂಕಿ ನೋಡಿದ ಕೂಡಲೇ ಗಾಬರಿ ಆಗಬೇಡಿ. ತಿರುಗಿಸಿ ಕಳೆದರೆ ನಡುವಿನ ಅಂಕಿ ಮಾಯ. (100ನ + 10ಹ + ಬ) − (100ಬ + 10ಹ + ನ) = 99(ನ − ಬ). ಅಂದರೆ ವ್ಯತ್ಯಾಸ ಯಾವಾಗಲೂ 99ರ ಮಗ್ಗಿಯಲ್ಲೇ: 99, 198, 297, 396, 495, 594, 693, 792, ಮತ್ತು 9 ಮತ್ತು 0 ತುದಿಯಲ್ಲಿದ್ದರೆ 891. ಎರಡು ತುದಿಯ ಅಂಕಿ ಒಂದೇ ಆದರೆ ಸೊನ್ನೆ. ವ್ಯತ್ಯಾಸ 487 ಆಗಬಹುದೇ ಅಂತ ಕೇಳಿದರೆ ಯೋಚನೆ ಮಾಡುವ ಅಗತ್ಯವೇ ಇಲ್ಲ, ಆಗುವುದಿಲ್ಲ.

ಒಂದು ಲೆಕ್ಕ: ಮೂರು ಅಂಕಿಗಳ ಮೊತ್ತ 14, ನಡುವಿನ ಅಂಕಿ ಉಳಿದೆರಡರ ಮೊತ್ತಕ್ಕೆ ಸಮ, ತಿರುಗಿಸಿದರೆ ಸಂಖ್ಯೆ 99 ಜಾಸ್ತಿ ಆಗುತ್ತದೆ. ನಡುವಿನದು ಉಳಿದೆರಡಕ್ಕೆ ಸಮ ಅಂದರೆ 14ರಲ್ಲಿ ಅರ್ಧ ಅದರದ್ದೇ, 7. ಉಳಿದೆರಡರ ಮೊತ್ತ 7, ವ್ಯತ್ಯಾಸ 1, ಬಿಡಿ ದೊಡ್ಡದು. 3 ಮತ್ತು 4. ಸಂಖ್ಯೆ 374. ಮೂರು ಚರಾಕ್ಷರ ಇಟ್ಟುಕೊಂಡು ಮೂರು ಸಮೀಕರಣ ಬಿಡಿಸಲು ಹೋದವರಿಗೆ ಎರಡು ನಿಮಿಷ ಬೇಕು.

ತಿರುಗಿಸಿ ಕಳೆಯುವ ಮಾತು ಬಂದಾಗ ಕಾಪ್ರೇಕರ್ ಅವರನ್ನು ನೆನೆಯದೆ ಇರಲಾಗುವುದಿಲ್ಲ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್, 1905ರಲ್ಲಿ ಮಹಾರಾಷ್ಟ್ರದ ಡಹಾಣುವಿನಲ್ಲಿ ಹುಟ್ಟಿದವರು, ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದವರು. 1949ರಲ್ಲಿ ಅವರು ಕಂಡುಕೊಂಡದ್ದು 6174. ಎಲ್ಲವೂ ಒಂದೇ ಅಲ್ಲದ ಯಾವುದೇ ನಾಲ್ಕು ಅಂಕಿ ತೆಗೆದುಕೊಳ್ಳಿ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. ಬಂದದ್ದಕ್ಕೆ ಮತ್ತೆ ಹಾಗೇ ಮಾಡಿ. 3524ರಿಂದ ಶುರು ಮಾಡಿದರೆ 5432 − 2345 = 3087, 8730 − 0378 = 8352, 8532 − 2358 = 6174. ಅಲ್ಲಿಂದ ಮುಂದೆ ಎಷ್ಟು ಸಲ ಮಾಡಿದರೂ 6174 ಬಿಟ್ಟು ಕದಲುವುದಿಲ್ಲ. ಮೂರು ಅಂಕಿಗೆ ಇದೇ ಆಟ ಆಡಿದರೆ 495ಕ್ಕೆ ಬಂದು ನಿಲ್ಲುತ್ತದೆ. ಓದಿ ಬೇಸರ ಬಂದಾಗ ಮಕ್ಕಳ ಜೊತೆ ಕೂತು ಮಾಡಿ, ಕಳೆಯುವ ಲೆಕ್ಕದ ಅಭ್ಯಾಸವೂ ಆಗುತ್ತದೆ.

ಅಂಕಿ ಮುಚ್ಚಿಟ್ಟು ಭಾಗಿಸು ಅಂದರೆ

4ಅ7ಬ6 ಅನ್ನುವ ಐದು ಅಂಕಿಯ ಸಂಖ್ಯೆ 72ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಅ × ಬ ಎಷ್ಟು?

72 ಅಂತ ಕಂಡ ಕೂಡಲೇ ಅದನ್ನು 8 ಮತ್ತು 9 ಅಂತ ಒಡೆಯಿರಿ. 6 ಮತ್ತು 12 ಅಂತ ಒಡೆಯಬೇಡಿ, ಅವೆರಡಕ್ಕೂ ಸಾಮಾನ್ಯ ಅಪವರ್ತನ ಇದೆ. 6ರಿಂದಲೂ 12ರಿಂದಲೂ ಭಾಗವಾಗುವ 12, 72ರಿಂದ ಭಾಗವಾಗುವುದಿಲ್ಲ ಅಲ್ವಾ? ಒಡೆದ ತುಂಡುಗಳಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಬಾರದು.

ಮೊದಲು 8 ಹಿಡಿಯಿರಿ, ಯಾಕೆಂದರೆ ಅದಕ್ಕೆ ಕೊನೆಯ ಮೂರು ಅಂಕಿ ಸಾಕು, ಅದರಲ್ಲಿ ಗೊತ್ತಿಲ್ಲದ್ದು ಬ ಒಂದೇ. 7ಬ6. 706ನ್ನು 8ರಿಂದ ಭಾಗಿಸಿದರೆ ಶೇಷ 2. ಬ ಒಂದೊಂದು ಹೆಚ್ಚಾದಾಗ ಸಂಖ್ಯೆ 10 ಹೆಚ್ಚುತ್ತದೆ, ಶೇಷ 2 ಹೆಚ್ಚುತ್ತದೆ. 2, 4, 6, ಆಮೇಲೆ 0. ಅಂದರೆ ಬ = 3 ಆದಾಗ ಭಾಗವಾಗುತ್ತದೆ, ಮತ್ತೆ ನಾಲ್ಕು ಹೆಜ್ಜೆ ಬಿಟ್ಟು ಬ = 7 ಆದಾಗ. 736, 776. ಎರಡು ದಾರಿ ಇವೆ, ಎರಡನ್ನೂ ಇಟ್ಟುಕೊಳ್ಳಿ.

ಈಗ 9. ಅಂಕಿಗಳ ಮೊತ್ತ 4 + ಅ + 7 + ಬ + 6 = 17 + ಅ + ಬ. ಬ = 3 ಆದರೆ 20 + ಅ, 27 ಆಗಬೇಕು, ಅ = 7. ಬ = 7 ಆದರೆ 24 + ಅ, ಅ = 3. ಸಂಖ್ಯೆ 47736 ಇರಬಹುದು, 43776 ಇರಬಹುದು. ಯಾವುದು ಸರಿ ಅಂತ ಕೂತು ತಲೆ ಕೆಡಿಸಿಕೊಳ್ಳುವವರನ್ನು ನೋಡಿದ್ದೇನೆ. ಪ್ರಶ್ನೆ ಮತ್ತೆ ಓದಿ. ಕೇಳಿದ್ದು ಅ × ಬ. ಎರಡರಲ್ಲೂ 21. ಸಂಖ್ಯೆ ಯಾವುದಾದರೂ ಇರಲಿ, ಕೇಳಿದ್ದಕ್ಕೆ ಉತ್ತರ ಸಿಕ್ಕಿತು.

11ರ ನಿಯಮದಲ್ಲಿ ಒಂದು ಗುಂಡಿ ಇದೆ. ಒಂದು ಬಿಟ್ಟು ಒಂದು ಅಂಕಿಗಳನ್ನು ಕೂಡಿ, ಎರಡು ಮೊತ್ತಗಳ ವ್ಯತ್ಯಾಸ ನೋಡಬೇಕು, ಇದು ಎಲ್ಲರಿಗೂ ಗೊತ್ತು. 7ಅ83 ಅನ್ನುವುದು 11ರಿಂದ ಭಾಗವಾಗಬೇಕು ಅಂದುಕೊಳ್ಳಿ. 7 + 8 = 15, ಇನ್ನೊಂದು ಕಡೆ ಅ + 3. ಎರಡೂ ಸಮ ಅಂತ ಇಟ್ಟರೆ ಅ = 12. 12 ಅಂಕಿಯಲ್ಲವಲ್ಲ! ಇಲ್ಲಿ ಬಹಳ ಜನ ಪ್ರಶ್ನೆಯೇ ತಪ್ಪು ಅಂದುಕೊಳ್ಳುತ್ತಾರೆ. ವ್ಯತ್ಯಾಸ ಸೊನ್ನೆಯೇ ಆಗಬೇಕು ಅಂತ ಇಲ್ಲ, 11 ಆದರೂ ಸರಿ, 22 ಆದರೂ ಸರಿ. 15 − (ಅ + 3) = 11 ಅಂತ ಇಟ್ಟರೆ ಅ = 1. 7183 ಭಾಗಿಸು 11 ಅಂದರೆ 653. ಹಾಗೇ 9ರ ನಿಯಮದಲ್ಲಿ 5ಅ4 ಅಂತ ಬಂದರೆ ಅ = 0 ಕೂಡ ಸರಿ, ಅ = 9 ಕೂಡ ಸರಿ. ಮೊತ್ತ 9 ಆದರೂ 18 ಆದರೂ ನಡೆಯುತ್ತದೆ.

ಇದೇ ಗುಂಪಿನ ಇನ್ನೊಂದು ಪ್ರಶ್ನೆ. 527527 ಥರ ಮೂರು ಅಂಕಿ ಎರಡು ಸಲ ಬಂದ ಸಂಖ್ಯೆ ಯಾವುದರಿಂದ ಭಾಗವಾಗುತ್ತದೆ ಅಂತ ಕೇಳಿದರೆ ಭಾಗಿಸಲು ಹೋಗಬೇಡಿ. 527 ಸಾವಿರ, ಜೊತೆಗೆ 527. ಅಂದರೆ 527 × 1001. ಈ 1001 ಅಂದರೆ 7 × 11 × 13. ಹಾಗಾಗಿ ಅಂಥ ಎಲ್ಲ ಸಂಖ್ಯೆಯೂ 7, 11, 13 ಮೂರರಿಂದಲೂ ಭಾಗವಾಗುತ್ತದೆ.

ಬಿಡಿ ಸ್ಥಾನದ ಅಂಕಿ

7ರ ಘಾತ 95ನ್ನು 3ರ ಘಾತ 58ರಿಂದ ಗುಣಿಸಿದರೆ ಬಿಡಿ ಸ್ಥಾನದಲ್ಲಿ ಯಾವ ಅಂಕಿ? ಇದು ನೋಡಲು ಮಾತ್ರ ಭಯ. 7ರ ಘಾತಗಳ ಕೊನೆಯ ಅಂಕಿ 7, 9, 3, 1 ಅಂತ ಸುತ್ತುತ್ತಲೇ ಇರುತ್ತದೆ. 3ರದ್ದು 3, 9, 7, 1. ನಾಲ್ಕಕ್ಕೊಂದು ಸುತ್ತು. ಘಾತವನ್ನು 4ರಿಂದ ಭಾಗಿಸಿ ಶೇಷ ನೋಡಿ. 95ಕ್ಕೆ ಶೇಷ 3, ಸುತ್ತಿನಲ್ಲಿ ಮೂರನೆಯದು 3. 58ಕ್ಕೆ ಶೇಷ 2, ಎರಡನೆಯದು 9. 3 × 9 = 27, ಉತ್ತರ 7.

ಎಡವುವ ಜಾಗ ಒಂದೇ. ಶೇಷ 0 ಬಂದರೆ ಸುತ್ತಿನ ನಾಲ್ಕನೆಯದನ್ನು ತೆಗೆದುಕೊಳ್ಳಬೇಕು. 2ರ ಘಾತ 40ರಲ್ಲಿ ಶೇಷ 0, ಸುತ್ತು 2, 4, 8, 6, ಹಾಗಾಗಿ ಕೊನೆಯ ಅಂಕಿ 6. ಶೇಷ 0 ಅಂದರೆ ಘಾತ 0, ಹಾಗಾಗಿ 1 ಅಂತ ಬರೆಯುವವರು ತುಂಬ ಜನ.

ಪುಟ ಎಣಿಸುವ ಲೆಕ್ಕ

ಪುಸ್ತಕಕ್ಕೆ ಪುಟ ಸಂಖ್ಯೆ ಹಾಕಲು ಒಟ್ಟು 1089 ಅಂಕಿ ಬೇಕಾದವು, ಪುಟ ಎಷ್ಟು? 1ರಿಂದ 9ಕ್ಕೆ 9 ಅಂಕಿ, 10ರಿಂದ 99ಕ್ಕೆ 180. ಇಲ್ಲಿಗೆ 189. ಉಳಿದದ್ದು 900, ಪುಟಕ್ಕೆ ಮೂರರಂತೆ 300 ಪುಟ. ಮೊದಲಿನ 99 ಸೇರಿಸಿದರೆ 399. ಈ 189 ಅನ್ನುವುದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

1ರಿಂದ 100ರವರೆಗೆ 7 ಎಷ್ಟು ಸಲ ಬರುತ್ತದೆ? ಬಿಡಿ ಸ್ಥಾನದಲ್ಲಿ 10, ಹತ್ತರ ಸ್ಥಾನದಲ್ಲಿ 10, ಒಟ್ಟು 20. ಆದರೆ 7 ಇರುವ ಸಂಖ್ಯೆಗಳು ಎಷ್ಟು ಅಂತ ಕೇಳಿದರೆ 19, ಯಾಕೆಂದರೆ 77 ಎರಡು ಸಲ ಎಣಿಕೆಗೆ ಬಂದಿದೆ. 1ರಿಂದ 1000ಕ್ಕೆ ಹೋದರೆ ಅದೇ ಎರಡು ಪ್ರಶ್ನೆಗೆ ಉತ್ತರ 300 ಮತ್ತು 271. ಎರಡನೆಯದನ್ನು ಎಣಿಸುವ ಸುಲಭ ದಾರಿ ಅಂದರೆ 7 ಇಲ್ಲದವನ್ನು ಎಣಿಸುವುದು. ಮೂರು ಸ್ಥಾನಕ್ಕೂ 7 ಬಿಟ್ಟು ಒಂಬತ್ತೊಂಬತ್ತು ಅಂಕಿ, 9 × 9 × 9 = 729. ಸಾವಿರದಲ್ಲಿ ಅದನ್ನು ಕಳೆದರೆ 271.

ಅಕ್ಷರದ ಲೆಕ್ಕ

ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ ಕೊಟ್ಟು ಕೂಡಿಸುವ ಲೆಕ್ಕಗಳು ಸಿಸ್ಯಾಟ್, ಕ್ಯಾಟ್ ಥರದ ಪರೀಕ್ಷೆಗಳಲ್ಲಿ ಬರುತ್ತವೆ. ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ, ಆದರೆ ಕನ್ನಡದಲ್ಲಿ ಮಾಡಿಕೊಂಡರೆ ಅಭ್ಯಾಸಕ್ಕೆ ಖುಷಿ ಜಾಸ್ತಿ. ಇಲ್ಲೊಂದಿದೆ:

ರಮ + ಮರ = ಸರಸ

ರ, ಮ, ಸ ಮೂರೂ ಬೇರೆ ಬೇರೆ ಅಂಕಿ. ಬಿಡಿಸಿ.

ಎರಡು ಎರಡಂಕಿಯ ಸಂಖ್ಯೆ ಕೂಡಿದರೆ 198ಕ್ಕಿಂತ ಜಾಸ್ತಿ ಆಗುವುದಿಲ್ಲ. ಉತ್ತರ ಮೂರು ಅಂಕಿಯದ್ದು. ಹಾಗಾದರೆ ಅದರ ಮೊದಲ ಅಂಕಿ 1 ಬಿಟ್ಟು ಬೇರೆ ಆಗಲು ಸಾಧ್ಯವೇ ಇಲ್ಲ. ಸ = 1. ಅಕ್ಷರದ ಲೆಕ್ಕದಲ್ಲಿ ಎಲ್ಲಕ್ಕಿಂತ ಮೊದಲು ಹೀಗೆ ಎಡತುದಿಯ ದಶಕ ನೋಡಬೇಕು. ಕೊನೆಯ ಅಂಕಿಯೂ ಸ, ಅಂದರೆ ಮೊತ್ತ 1ರಿಂದ ಶುರುವಾಗಿ 1ರಲ್ಲೇ ಮುಗಿಯುತ್ತದೆ. ಇನ್ನು, ಸಂಖ್ಯೆಯನ್ನೂ ಅದರ ಅದಲುಬದಲನ್ನೂ ಕೂಡಿದರೆ 11(ರ + ಮ) ಅಂತ ಮೇಲೆಯೇ ನೋಡಿದ್ದೇವೆ. 11ರ ಮಗ್ಗಿಯಲ್ಲಿ 100 ದಾಟಿದ ಮೇಲೆ 110, 121, 132, 143, 154, 165, 176, 187. ಇದರಲ್ಲಿ 1ರಲ್ಲಿ ಮುಗಿಯುವುದು 121 ಒಂದೇ. ನಡುವಿನ ಅಂಕಿ ರ, ಅಂದರೆ ರ = 2. ರ + ಮ = 11, ಮ = 9. 29 + 92 = 121. ಒಂದು ಸಲವೂ ಊಹೆ ಮಾಡಲಿಲ್ಲ.

ಆಯ್ಕೆಗಳಿಂದ ಹಿಂದಕ್ಕೆ ಬನ್ನಿ, ಆದರೆ ಕ್ರಮವಾಗಿ

ನಾಲ್ಕು ಆಯ್ಕೆ ಕೊಟ್ಟಿರುವಾಗ ಸುಮ್ನೆ ಬಿಡಿಸುತ್ತಾ ಕೂರಬೇಕಾಗಿಲ್ಲ. ಆದರೆ ನಾಲ್ಕನ್ನೂ ಎಲ್ಲ ಷರತ್ತಿಗೂ ಹಾಕಿ ನೋಡಿದರೆ ಬಿಡಿಸುವುದಕ್ಕಿಂತ ಜಾಸ್ತಿ ಸಮಯ ಹೋಗುತ್ತದೆ. ಯಾವ ಷರತ್ತು ಜಾಸ್ತಿ ಆಯ್ಕೆಗಳನ್ನು ಹೊಡೆದುಹಾಕುತ್ತದೋ ಅದನ್ನು ಮೊದಲು ಹಾಕಿ. ಮೇಲಿನ 374ರ ಲೆಕ್ಕಕ್ಕೆ 473, 572, 374, 275 ಅಂತ ಆಯ್ಕೆ ಇವೆ ಅಂದುಕೊಳ್ಳಿ. ನಾಲ್ಕರಲ್ಲೂ ಮೊತ್ತ 14, ನಾಲ್ಕರಲ್ಲೂ ನಡುವೆ 7. ಆ ಎರಡು ಷರತ್ತು ನೋಡಿ ಏನೂ ಪ್ರಯೋಜನವಿಲ್ಲ. ತಿರುಗಿಸಿದರೆ 99 ಜಾಸ್ತಿ, ಅಂದರೆ ಬಿಡಿ ಅಂಕಿ ನೂರರದ್ದಕ್ಕಿಂತ 1 ಜಾಸ್ತಿ. ಕಣ್ಣಿನಲ್ಲೇ 374 ಸಿಗುತ್ತದೆ.

ದೊಡ್ಡ ಗುಣಾಕಾರದ ಉತ್ತರ ತಾಳೆ ನೋಡಲು 9ರ ಶೇಷ ಬಳಸಬಹುದು. 347 × 86 ಅಂದರೆ 29842 ಅಂತ ಬಂತು. 347ರ ಅಂಕಿಗಳ ಮೊತ್ತ 14, ಅದರದ್ದು 5. 86ರದ್ದೂ 14, 5. 5 × 5 = 25, ಅದರದ್ದು 7. ಉತ್ತರ 29842ರ ಅಂಕಿಗಳ ಮೊತ್ತ 25, ಅದೂ 7. ತಾಳೆಯಾಯಿತು. ಆದರೆ ಇದನ್ನೇ ಪೂರ್ತಿ ನಂಬಬೇಡಿ. ಅವಸರದಲ್ಲಿ 29842 ಬದಲು 28942 ಅಂತ ಬರೆದಿದ್ದರೂ ಈ ತಾಳೆ ಸರಿ ಅಂತಲೇ ಹೇಳುತ್ತದೆ, ಯಾಕೆಂದರೆ ಅಂಕಿ ಅದಲುಬದಲಾದರೆ ವ್ಯತ್ಯಾಸ 9ರ ಮಗ್ಗಿಯಲ್ಲೇ ಇರುತ್ತದೆ. ಲೆಕ್ಕಪತ್ರ ಬರೆಯುವವರು ಇದನ್ನೇ ಉಲ್ಟಾ ಬಳಸುತ್ತಾರೆ. ಜಮಾ ಖರ್ಚು ತಾಳೆಯಾಗದೆ ವ್ಯತ್ಯಾಸ 9ರಿಂದ ಭಾಗವಾದರೆ, ಎಲ್ಲೋ 63 ಬದಲು 36 ಬರೆದಿರಬೇಕು ಅಂತ ಮೊದಲು ಅನುಮಾನ ಪಡುತ್ತಾರೆ.

ಅಭ್ಯಾಸಕ್ಕೆ ನಾಲ್ಕು ಲೆಕ್ಕ. ಸಂಖ್ಯೆ ಮತ್ತು ಅದರ ಅದಲುಬದಲಿನ ಮೊತ್ತ 132, ವ್ಯತ್ಯಾಸ 36, ದೊಡ್ಡ ಸಂಖ್ಯೆ ಯಾವುದು? 250 ಪುಟಕ್ಕೆ ಎಷ್ಟು ಅಂಕಿ ಬೇಕು? 8ರ ಘಾತ 50ರ ಬಿಡಿ ಅಂಕಿ ಯಾವುದು? ಅಂಕಿಗಳ ಗುಣಲಬ್ಧ 12, ಅದಲುಬದಲಿನ ವ್ಯತ್ಯಾಸ 36 ಅಂದರೆ ಸಂಖ್ಯೆ ಯಾವುದು ಅಂತ ಖಚಿತವಾಗಿ ಹೇಳಬಹುದೇ? ಉತ್ತರ ಕ್ರಮವಾಗಿ 84, 642, 4, ಮತ್ತು ಕೊನೆಯದಕ್ಕೆ ಹೇಳಲಾಗದು, ಯಾಕೆಂದರೆ 26, 62 ಎರಡೂ ಹೊಂದುತ್ತವೆ. ಗಡಿಯಾರ ಇಟ್ಟುಕೊಂಡು ಮಾಡಿ.

ಇನ್ನೊಂದು ಉಳಿದಿದೆ. ನಾಲ್ಕು ಅಂಕಿಯ ಒಂದು ಪೂರ್ಣ ವರ್ಗ ಸಂಖ್ಯೆ. ಮೊದಲ ಎರಡು ಅಂಕಿ ಒಂದೇ, ಕೊನೆಯ ಎರಡು ಅಂಕಿ ಒಂದೇ. ಅಅಬಬ ಅನ್ನುವ ರೂಪ. 32ರಿಂದ 99ರವರೆಗೆ ವರ್ಗ ಮಾಡುತ್ತಾ ಹೋದರೆ ಸಂಜೆಯಾಗುತ್ತದೆ. ಇಲ್ಲಿಯವರೆಗೆ ನೋಡಿದ್ದನ್ನೇ ಹಾಕೋಣ. ಬಿಡಿಸಿ ಬರೆದರೆ 1100ಅ + 11ಬ, ಅಂದರೆ 11 × (100ಅ + ಬ). ಪೂರ್ಣ ವರ್ಗದಲ್ಲಿ 11 ಒಂದು ಸಲ ಇದ್ದರೆ ಇನ್ನೊಂದು ಸಲವೂ ಇರಲೇಬೇಕು. ಹಾಗಾಗಿ 100ಅ + ಬ ಕೂಡ 11ರಿಂದ ಭಾಗವಾಗಬೇಕು. ಅದು ಅ0ಬ ಅನ್ನುವ ಮೂರು ಅಂಕಿಯ ಸಂಖ್ಯೆ, 11ರ ನಿಯಮ ಹಾಕಿದರೆ ಅ + ಬ ಸೊನ್ನೆ ಅಥವಾ 11 ಆಗಬೇಕು. ಅ ಮೊದಲ ಅಂಕಿ, ಸೊನ್ನೆ ಆಗುವುದಿಲ್ಲ. ಎರಡು ಅಂಕಿ ಸೇರಿ 18 ದಾಟುವುದಿಲ್ಲ, ಹಾಗಾಗಿ 22 ಕೂಡ ಇಲ್ಲ. ಅ + ಬ = 11. ಪೂರ್ಣ ವರ್ಗದ ಬಿಡಿ ಅಂಕಿ 0, 1, 4, 5, 6, 9 ಇವುಗಳಲ್ಲಿ ಒಂದು. ಬ 0 ಅಥವಾ 1 ಆದರೆ ಅ 11 ಅಥವಾ 10 ಆಗಿಬಿಡುತ್ತದೆ, ಅವು ಅಂಕಿಗಳಲ್ಲ. ಉಳಿದದ್ದು 7744, 6655, 5566, 2299, ನಾಲ್ಕೇ. ಇವನ್ನು 121ರಿಂದ ಭಾಗಿಸಿದರೆ ಬರುವುದು 64, 55, 46, 19. ಇದರಲ್ಲಿ ವರ್ಗ ಸಂಖ್ಯೆ 64 ಒಂದೇ. 11 × 8 = 88, 88ರ ವರ್ಗ 7744.